ಕಡಲು ನುಗ್ಗಿದಾಗ ಕದ ತಟ್ಟಿದವರು

1970ರ ನವೆಂಬರ್ 12ರ ರಾತ್ರಿ ಬಂಗಾಳ ಕೊಲ್ಲಿಯ ಉತ್ತರದ ಅಂಚಿನಲ್ಲಿರುವ ದ್ವೀಪಗಳ ಮೇಲೆ ಕಡಲು ಏರಿ ಬಂತು. ಆ ಸೀಮೆ ಅಂದಿಗೆ ಪೂರ್ವ ಪಾಕಿಸ್ತಾನ. ರಂಜಾನ್ ತಿಂಗಳು, ಭತ್ತದ ಕೊಯ್ಲಿನ ಕಾಲ. ಮರುದಿನ ಹುಣ್ಣಿಮೆಯಾದ್ದರಿಂದ ಉಬ್ಬರವೂ ಜೋರಾಗಿತ್ತು. ಗಂಗೆ, ಬ್ರಹ್ಮಪುತ್ರ, ಮೇಘನಾ ನದಿಗಳು ಒಟ್ಟಾಗಿ ಕಡಲು ಸೇರುವ ಆ ಜಾಗದಲ್ಲಿ ಹೂಳು ಕೂಡಿ ನೆಲವಾಗುತ್ತದೆ, ಮತ್ತೆ ಕರಗುತ್ತದೆ. ಹೀಗೆ ಹೊಸದಾಗಿ ಎದ್ದ ನೆಲಕ್ಕೆ ಬಂಗಾಳಿಯಲ್ಲಿ ‘ಚರ್’ ಎನ್ನುತ್ತಾರೆ. ಬೇರೆಲ್ಲೂ ಜಮೀನಿಲ್ಲದವರು ಅಲ್ಲಿಗೆ ಹೋಗಿ ಬಿದಿರು, ಹುಲ್ಲಿನ ಮನೆ ಕಟ್ಟಿ ಬೇಸಾಯ ಮಾಡುತ್ತಾರೆ. ಕೊಯ್ಲಿನ ಕೂಲಿಗೆಂದು ಬೇರೆ ಊರುಗಳಿಂದ ಬಂದವರೂ ಆ ರಾತ್ರಿ ಅಲ್ಲಿದ್ದರು. ಚಂಡಮಾರುತ ತಳ್ಳಿ ತಂದ ನೀರು ಭೋಲಾ, ಹಾತಿಯಾ, ಮನ್‌ಪುರಾ ಮುಂತಾದ ದ್ವೀಪಗಳನ್ನು ಮುಳುಗಿಸಿತು. ಸತ್ತವರು ಮೂರರಿಂದ ಐದು ಲಕ್ಷ ಎಂದು ಅಂದಾಜು. ದಾಖಲೆಯಲ್ಲಿರುವ ಚಂಡಮಾರುತಗಳಲ್ಲೇ ಅತಿ ಹೆಚ್ಚು ಜನರನ್ನು ಕೊಂದದ್ದು ಇದು.

ಈ ಸಂಖ್ಯೆಯನ್ನು ಬಿಡಿಸಿ ನೋಡುವ ಕೆಲಸ ಮಾಡಿದವರು ಢಾಕಾದ ಕಾಲರಾ ಸಂಶೋಧನಾ ಪ್ರಯೋಗಾಲಯದಲ್ಲಿದ್ದ ಇಬ್ಬರು ವೈದ್ಯರು, ಆಲ್ಫ್ರೆಡ್ ಸೋಮರ್ ಮತ್ತು ವೈಲಿ ಮೋಸ್ಲಿ. ಚಂಡಮಾರುತ ಕಳೆದ ಕೆಲವೇ ವಾರಗಳಲ್ಲಿ ಒಮ್ಮೆ, ಕೆಲವು ತಿಂಗಳ ಬಳಿಕ ಇನ್ನೊಮ್ಮೆ, ಅವರ ತಂಡ ಹಾನಿಗೊಂಡ ಪ್ರದೇಶದ ಮನೆಗಳನ್ನು ಸಮೀಕ್ಷೆ ಮಾಡಿತು. ಕನಿಷ್ಠ 2,24,000 ಜನ ಸತ್ತಿದ್ದಾರೆ ಎಂಬುದು ಅವರ ಲೆಕ್ಕ. ಅದಕ್ಕಿಂತ ಮುಖ್ಯವಾದದ್ದು ವಯಸ್ಸಿನ ಲೆಕ್ಕ. ಆ ಪ್ರದೇಶದ ಜನಸಂಖ್ಯೆಯಲ್ಲಿ ಹತ್ತು ವರ್ಷದೊಳಗಿನ ಮಕ್ಕಳು ಮೂರನೇ ಒಂದು ಭಾಗದಷ್ಟಿದ್ದರು. ಸತ್ತವರಲ್ಲಿ ಅವರು ಅರ್ಧಕ್ಕೂ ಹೆಚ್ಚು. ಬದುಕುಳಿದ ಅನೇಕರ ಎದೆ, ತೋಳು ಮತ್ತು ತೊಡೆಗಳ ಒಳಭಾಗದ ಚರ್ಮ ತರಚಿ ಹೋಗಿತ್ತು. ರಾತ್ರಿಯಿಡೀ ಮರವನ್ನು ತಬ್ಬಿ ಹಿಡಿದುಕೊಂಡಿದ್ದರಿಂದ ಆದ ಗಾಯ ಅದು. ವೈದ್ಯರು ಅದಕ್ಕೆ ‘ಸೈಕ್ಲೋನ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಮರವನ್ನು ಗಂಟೆಗಟ್ಟಲೆ ತಬ್ಬಿ ಹಿಡಿಯುವ ತೋಳು ಇದ್ದವರು ಉಳಿದರು. ನಾಲ್ಕು ವರ್ಷದ ಮಗುವಿಗೆ ಆ ತೋಳಿಲ್ಲ.

ಈ ಲೇಖನ ಹಿಂಬಾಲಿಸುವುದು ಆ ಲೆಕ್ಕದ ಬೆನ್ನು ಹತ್ತಿ ನಡೆದ ಐವತ್ತು ವರ್ಷಗಳ ಕೆಲಸವನ್ನು. ನೆರೆಯಲ್ಲಿ ಮಕ್ಕಳು ಸಾಯದಂತೆ ನೋಡಿಕೊಳ್ಳುವುದು ಹೇಗೆ, ನೆರೆ ಇಳಿದ ಮೇಲೆ ಅವರು ಬದುಕುವಂತೆ ನೋಡಿಕೊಳ್ಳುವುದು ಹೇಗೆ ಎಂಬ ಎರಡು ಪ್ರಶ್ನೆಗಳಿಗೆ ಬಾಂಗ್ಲಾದೇಶದ ಹಳ್ಳಿಯ ಸ್ವಯಂಸೇವಕರು, ಸಂಘ ಸಂಸ್ಥೆಗಳು ಉತ್ತರ ಹುಡುಕಿದ ಕಥೆ ಇದು. ಆ ಉತ್ತರದಲ್ಲಿ ಸರ್ಕಾರದ ಪಾಲೂ ಇದೆ. ಎರಡೂ ಕೂಡಿದಾಗ ಏನಾಯಿತು, ಕೂಡದಿದ್ದಾಗ ಏನಾಯಿತು ಎಂಬುದೇ ಇದರಲ್ಲಿ ಕಲಿಯಬೇಕಾದ ಪಾಠ.

ನೆರೆ ಬಂದಾಗ ಜನ ಒಟ್ಟಾಗಿ ನಿಲ್ಲುವುದು ಬಂಗಾಳಕ್ಕೆ ಹೊಸತೇನಲ್ಲ. 1922ರ ಸೆಪ್ಟೆಂಬರಿನಲ್ಲಿ ಉತ್ತರ ಬಂಗಾಳದ ರಾಜಶಾಹಿ, ಬೋಗ್ರಾ ಜಿಲ್ಲೆಗಳು ಮುಳುಗಿದವು. ರಸಾಯನ ವಿಜ್ಞಾನಿ ಪ್ರಫುಲ್ಲಚಂದ್ರ ರಾಯ್ ಅವರ ಮುಂದಾಳತ್ವದಲ್ಲಿ ಬೆಂಗಾಲ್ ರಿಲೀಫ್ ಕಮಿಟಿ ಹುಟ್ಟಿತು. ಕಲ್ಕತ್ತೆಯ ವಿದ್ಯಾರ್ಥಿಗಳು ಅಕ್ಕಿ, ಬಟ್ಟೆ, ಹಣ ಕೂಡಿಸಿದರು. ಆಗಿನ್ನೂ ಇಪ್ಪತ್ತೈದರ ಯುವಕನಾಗಿದ್ದ ಸುಭಾಷ್ ಚಂದ್ರ ಬೋಸ್ ಸಾಂತಾಹಾರ್‌ನಲ್ಲಿ ನಿಂತು ಪರಿಹಾರ ಕಾರ್ಯ ನಡೆಸಿದರು. ನೀರು ಹರಿದು ಹೋಗಲು ದಾರಿ ಬಿಡದ ರೈಲ್ವೆ ಏರಿಗಳೇ ಈ ನೆರೆಗೆ ಕಾರಣ ಎಂಬ ವಾದ ಅಂದೇ ಎದ್ದಿತ್ತು. ಮೇಘನಾದ ಸಹಾ ಅದರ ಬಗ್ಗೆ ಬರೆದರು. ಸಂಖ್ಯಾಶಾಸ್ತ್ರಜ್ಞ ಪ್ರಶಾಂತಚಂದ್ರ ಮಹಾಲನೋಬಿಸ್ 1870ರಿಂದ 1922ರವರೆಗಿನ ಮಳೆ ಮತ್ತು ನೆರೆಯ ಲೆಕ್ಕಗಳನ್ನು ಒಟ್ಟುಗೂಡಿಸಿ ವರದಿ ಬರೆದರು. ವಿಜ್ಞಾನಿಗಳೂ ವಿದ್ಯಾರ್ಥಿಗಳೂ ಒಂದೇ ಕೆಸರಲ್ಲಿ ನಿಂತ ದೊಡ್ಡ ಪರಂಪರೆ ಅದು. ಆದರೆ ಅದು ನೀರು ಬಂದು ಹೋದ ಮೇಲಿನ ಪರಂಪರೆ. ಹಸಿದವರಿಗೆ ಅಕ್ಕಿ ತಲುಪಿಸುವುದು ಅದರ ಗುರಿ. ನೀರು ಬರುವ ಮೊದಲೇ ಯಾರು ಯಾರ ಮನೆಗೆ ಹೋಗಬೇಕು ಎಂದು ಗೊತ್ತು ಮಾಡಿಡುವ ಕೆಲಸ ಇನ್ನೂ ಶುರುವಾಗಿರಲಿಲ್ಲ.

1970ರಲ್ಲಿ ಬಯಲಾದದ್ದು ಈ ಕೊರತೆಯೇ. ಚಂಡಮಾರುತ ಬರುತ್ತಿರುವುದು ಹವಾಮಾನ ಇಲಾಖೆಗೆ ಗೊತ್ತಿತ್ತು. ಉಪಗ್ರಹದ ಚಿತ್ರಗಳಿದ್ದವು, ಕಾಕ್ಸ್ ಬಜಾರಿನಲ್ಲಿ ರಾಡಾರ್ ಇತ್ತು, ರೇಡಿಯೋದಲ್ಲಿ ಸುದ್ದಿಯೂ ಬಂತು. ಆ ಪ್ರದೇಶದ ನೂರಕ್ಕೆ ತೊಂಬತ್ತು ಜನರಿಗೆ ಗಾಳಿಮಳೆ ಬರುವ ಸಂಗತಿ ತಿಳಿದಿತ್ತು, ಗಟ್ಟಿ ಕಟ್ಟಡಗಳಿಗೆ ಹೋದವರು ನೂರಕ್ಕೆ ಒಬ್ಬರಷ್ಟೇ ಎಂದು ಆನಂತರ ಅಂದಾಜು ಮಾಡಲಾಯಿತು. ಹಿಂದಿನ ತಿಂಗಳಷ್ಟೇ ಇನ್ನೊಂದು ಚಂಡಮಾರುತದ ಎಚ್ಚರಿಕೆ ಬಂದು, ಹೇಳಿದಷ್ಟು ಹಾನಿಯಾಗದೆ ಹೋಗಿತ್ತು. ಈ ಸಲವೂ ಹಾಗೇ ಎಂದು ಜನ ಅಂದುಕೊಂಡರು. ಹೋಗಬೇಕೆಂದರೂ ಹೋಗುವ ಜಾಗ ಎಷ್ಟೋ ಚರ್‌ಗಳಲ್ಲಿ ಇರಲೇ ಇಲ್ಲ. ರೇಡಿಯೋದಲ್ಲಿ ಬಂದ ಸುದ್ದಿಗೂ ಮನೆಯ ಹೊಸ್ತಿಲಿಗೂ ನಡುವೆ ಒಬ್ಬ ಪರಿಚಿತ ಮನುಷ್ಯ ಬೇಕು. ‘ಎದ್ದೇಳಿ, ಮಕ್ಕಳನ್ನು ಎತ್ತಿಕೊಳ್ಳಿ, ನನ್ನ ಜೊತೆ ಬನ್ನಿ’ ಎಂದು ಹೇಳುವ, ಹೇಳಿದರೆ ನಂಬಿಕೆ ಹುಟ್ಟಿಸುವ ಮನುಷ್ಯ. ಅಂಥವರು ಆ ರಾತ್ರಿ ಇರಲಿಲ್ಲ.

ಮುಂದಿನ ರಾಜಕೀಯ ಕಥೆ ಓದುಗರಿಗೆ ಗೊತ್ತಿರುವುದೇ. ಇಸ್ಲಾಮಾಬಾದಿನ ಸೇನಾ ಸರ್ಕಾರ ಪರಿಹಾರಕ್ಕೆ ತಡ ಮಾಡಿತೆಂಬ ಸಿಟ್ಟು ಪೂರ್ವ ಬಂಗಾಳದಲ್ಲಿ ಉರಿಯಿತು. ಡಿಸೆಂಬರ್ 7ರ ಚುನಾವಣೆಯಲ್ಲಿ ಅವಾಮಿ ಲೀಗ್ ಪೂರ್ವದ ಸ್ಥಾನಗಳನ್ನು ಬಹುತೇಕ ಪೂರ್ತಿಯಾಗಿ ಬಾಚಿಕೊಂಡಿತು. ನೆರೆಯಿಂದ ಹಾಳಾದ ಕೆಲವು ಕ್ಷೇತ್ರಗಳಲ್ಲಿ ಮಾತ್ರ ಮತದಾನ ಜನವರಿಗೆ ಹೋಯಿತು. 1971ರ ಯುದ್ಧ, ಬಾಂಗ್ಲಾದೇಶದ ಹುಟ್ಟು ಆಮೇಲಿನದು. ಕಲಾವಿದ ಜೈನುಲ್ ಆಬೆದಿನ್ ಮನ್‌ಪುರಾಕ್ಕೆ ಹೋಗಿ ಕಂಡದ್ದನ್ನು ಆನಂತರ ಉದ್ದನೆಯ ಸುರುಳಿ ಚಿತ್ರವಾಗಿ ಬರೆದರು. ‘ಮನ್‌ಪುರಾ 70’ ಎಂಬ ಆ ಚಿತ್ರದಲ್ಲಿ ಹೆಣಗಳು ಒಂದರ ಮೇಲೊಂದು ಬಿದ್ದಿವೆ.

ಅದೇ ಮನ್‌ಪುರಾಕ್ಕೆ ಹೋದ ಇನ್ನೊಂದು ಗುಂಪಿತ್ತು. ಚಿತ್ತಗಾಂಗಿನ ಶೆಲ್ ಕಂಪನಿಯಲ್ಲಿ ಲೆಕ್ಕಪತ್ರ ವಿಭಾಗದ ದೊಡ್ಡ ಹುದ್ದೆಯಲ್ಲಿದ್ದ ಫಜ್ಲೆ ಹಸನ್ ಆಬೆದ್ ಮತ್ತು ಅವರ ಗೆಳೆಯರು, ಢಾಕಾದ ನಾಟ್ರ್‌ಡಾಮ್ ಕಾಲೇಜಿನ ಪಾದ್ರಿ ರಿಚರ್ಡ್ ಟಿಮ್, ಕಾಲರಾ ಪ್ರಯೋಗಾಲಯದ ವೈದ್ಯ ಜಾನ್ ರೋಡ್ ಮತ್ತು ಅವರ ಪತ್ನಿ ಕ್ಯಾಂಡಿ ಸೇರಿ ‘ಹೆಲ್ಪ್’ ಎಂಬ ಪರಿಹಾರ ತಂಡ ಕಟ್ಟಿದರು. ಮನೆ ಕಟ್ಟಲು, ಬೇಸಾಯ ಮತ್ತೆ ಹೂಡಲು ಬೇಕಾದ ಸಾಮಗ್ರಿ ಸಾಗಿಸಿದರು. ಸೋಮರ್ ಮತ್ತು ಮೋಸ್ಲಿಯ ಸಮೀಕ್ಷೆ ಹೇಳಿದ್ದೂ ಇದನ್ನೇ. ಬದುಕುಳಿದವರಿಗೆ ಬೇಕಾದದ್ದು ಊರ ತುಂಬ ವೈದ್ಯರಲ್ಲ. ಅನ್ನ, ಸೂರು, ಉಳುವ ಎತ್ತು. ಯುದ್ಧ ಮುಗಿದ ಮೇಲೆ ಆಬೆದ್ ನೌಕರಿಗೆ ಮರಳಲಿಲ್ಲ. 1972ರಲ್ಲಿ ಸಿಲ್ಹೆಟ್ ಸೀಮೆಯ ಸುಲ್ಲಾದಲ್ಲಿ ಹಿಂದಿರುಗಿ ಬಂದ ನಿರಾಶ್ರಿತರ ನಡುವೆ ‘ಬ್ರ್ಯಾಕ್’ ಸಂಸ್ಥೆ ಆರಂಭಿಸಿದರು. ಈ ಸಂಸ್ಥೆ ಕಥೆಯಲ್ಲಿ ಮತ್ತೆ ಬರುತ್ತದೆ.

ಅದೇ 1972ರಲ್ಲಿ ಕರಾವಳಿಯಲ್ಲಿ ರೆಡ್‌ಕ್ರಾಸ್ ಇನ್ನೊಂದು ಕೆಲಸಕ್ಕೆ ಕೈಹಾಕಿತು. ಚಂಡಮಾರುತ ಸಿದ್ಧತಾ ಕಾರ್ಯಕ್ರಮ ಎಂದು ಅದರ ಹೆಸರು. 1973ರಲ್ಲಿ ಸರ್ಕಾರ ಅದನ್ನು ಒಪ್ಪಿ ಜೊತೆಗೂಡಿತು. ಯೋಜನೆ ಬಹಳ ಸರಳ. ಒಂದೆರಡು ಹಳ್ಳಿಗೆ, ಎಂದರೆ ಎರಡು ಮೂರು ಸಾವಿರ ಜನರಿಗೆ, ಒಂದು ಘಟಕ. ಘಟಕದಲ್ಲಿ ಹತ್ತು ಹನ್ನೆರಡು ಜನ, ಅದೇ ಊರಿನವರು, ಊರವರೇ ಒಪ್ಪಿ ಆರಿಸಿದವರು. ಸಂಬಳವಿಲ್ಲ. ಕೈಗೆ ಒಂದು ಟ್ರಾನ್ಸಿಸ್ಟರ್ ರೇಡಿಯೋ, ಒಂದು ಮೆಗಾಫೋನ್, ಕೈಯಲ್ಲಿ ತಿರುಗಿಸುವ ಸೈರನ್, ಟಾರ್ಚು, ಬಾವುಟ, ಮಳೆಕೋಟು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಅಪಾಯ ಏರಿದಂತೆ ಗಳುವಿನ ಮೇಲೆ ಒಂದು ಬಾವುಟ, ಎರಡು ಬಾವುಟ, ಮೂರು ಬಾವುಟ. ಓದು ಬಾರದವರಿಗೂ ದೂರದಿಂದ ಕಾಣುವ ಲಿಪಿ ಇದು. ಒಬ್ಬರು ಸುದ್ದಿ ಸಾರುವವರು, ಇನ್ನೊಬ್ಬರು ಜನರನ್ನು ಆಸರೆಗೆ ಕರೆದೊಯ್ಯುವವರು, ಮತ್ತೊಬ್ಬರು ಗಾಯಾಳುಗಳನ್ನು ನೋಡುವವರು ಎಂದು ಕೆಲಸ ಮೊದಲೇ ಹಂಚಿಕೆಯಾಗಿರುತ್ತಿತ್ತು. ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾವ ಮನೆಯಲ್ಲಿ ಎದ್ದು ನಡೆಯಲಾರದ ಮುದುಕಿ ಇದ್ದಾಳೆ ಎಂಬುದು ಆ ಊರವರಿಗೆ ಯಾವ ಕಡತವೂ ಇಲ್ಲದೆ ಗೊತ್ತು. ಸುಮಾರು ಇಪ್ಪತ್ತು ಸಾವಿರ ಸ್ವಯಂಸೇವಕರು ಹೀಗೆ ಕರಾವಳಿಯುದ್ದಕ್ಕೂ ಸಿದ್ಧರಾದರು. ಇದೇ ಕಾಲಕ್ಕೆ ಮಣ್ಣು ಪೇರಿಸಿ ಎತ್ತರದ ದಿಬ್ಬಗಳನ್ನೂ ಎಬ್ಬಿಸಲಾಯಿತು. ಜನ ಅವನ್ನು ‘ಮುಜೀಬ್ ಕಿಲ್ಲಾ’ ಎಂದರು. ಜನರೂ ದನಗಳೂ ಅಲ್ಲಿ ಹತ್ತಿ ನಿಲ್ಲಬಹುದಿತ್ತು. ದನಗಳನ್ನು ಬಿಟ್ಟು ಬರಲು ಒಪ್ಪದ ರೈತ ಮನೆಯಲ್ಲೇ ಉಳಿಯುತ್ತಾನೆ, ಅವನ ಜೊತೆ ಮಕ್ಕಳೂ ಉಳಿಯುತ್ತಾರೆ ಎಂಬ ತಿಳಿವಳಿಕೆ ಅದರಲ್ಲಿತ್ತು.

ಇನ್ನು ನೆರೆ ಇಳಿದ ಮೇಲಿನ ಮಾತು. ಕುಡಿಯುವ ನೀರಿನ ಬಾವಿ, ಕೊಳ, ಕೊಳವೆಬಾವಿಗಳಿಗೆ ಹೊಲಸು ಸೇರಿದರೆ ವಾಂತಿಭೇದಿ ಹಬ್ಬುತ್ತದೆ. ದೊಡ್ಡವರು ಎರಡು ದಿನ ನರಳಿ ಎದ್ದಾರು. ಒಂದು ವರ್ಷದ ಮಗುವಿನ ಮೈಯಲ್ಲಿರುವ ನೀರು ಒಂದೇ ಹಗಲಿನಲ್ಲಿ ಬಸಿದು ಹೋಗಬಹುದು. ಇದಕ್ಕೆ ಮದ್ದು ಸಿಕ್ಕಿದ್ದೂ ಅದೇ ಢಾಕಾದ ಕಾಲರಾ ಪ್ರಯೋಗಾಲಯದ ಬಳಗದಲ್ಲಿ. ಉಪ್ಪು ಮತ್ತು ಗ್ಲೂಕೋಸನ್ನು ಸರಿಯಾದ ಪ್ರಮಾಣದಲ್ಲಿ ನೀರಿಗೆ ಬೆರೆಸಿ ಕುಡಿಸಿದರೆ ಕಾಲರಾ ರೋಗಿಯ ಕರುಳು ಕೂಡ ಅದನ್ನು ಹೀರಿಕೊಳ್ಳುತ್ತದೆ, ರಕ್ತನಾಳಕ್ಕೆ ಸಲೈನ್ ಕೊಡುವ ಅಗತ್ಯ ಬಹುಪಾಲು ತಪ್ಪುತ್ತದೆ ಎಂದು ಡೇವಿಡ್ ನಾಲಿನ್, ರಿಚರ್ಡ್ ಕ್ಯಾಶ್ ಮತ್ತು ಅವರ ಬಂಗಾಳಿ ಸಹೋದ್ಯೋಗಿಗಳು 1968ರಲ್ಲಿ ತೋರಿಸಿದರು. 1971ರಲ್ಲಿ ಗಡಿಯಾಚೆ, ಪಶ್ಚಿಮ ಬಂಗಾಳದ ಬಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಎದ್ದಿತು. ಸಲೈನ್ ಮುಗಿದು ಹೋದಾಗ ಕಲ್ಕತ್ತೆಯ ವೈದ್ಯ ದಿಲೀಪ್ ಮಹಲನೋಬಿಸ್ ಈ ದ್ರಾವಣವನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು, ರೋಗಿಗಳ ಮನೆಯವರಿಂದಲೇ ಕುಡಿಸಿದರು. ಸಾವು ನೂರಕ್ಕೆ ಮೂವತ್ತರ ಮಟ್ಟದಿಂದ ನೂರಕ್ಕೆ ನಾಲ್ಕರೊಳಗೆ ಇಳಿಯಿತು. ತಾಯಿ ಕೊಡಬಲ್ಲ ಮದ್ದು ಇದು ಎಂಬುದು ಅಲ್ಲಿ ಸಾಬೀತಾಯಿತು.

ಆದರೆ ನೆರೆಯಲ್ಲಿ ಸುತ್ತುವರಿದ ಹಳ್ಳಿಗೆ ಪೊಟ್ಟಣ ತಲುಪುವುದು ಹೇಗೆ? ರಸ್ತೆ ಇಲ್ಲ, ಔಷಧಿ ಅಂಗಡಿ ಇಲ್ಲ. ಬ್ರ್ಯಾಕ್ ಈ ಪ್ರಶ್ನೆಯನ್ನು ತಿರುಗಿಸಿ ಕೇಳಿತು: ಪೊಟ್ಟಣವೇ ಬೇಕಿಲ್ಲದಂತೆ ಮಾಡಬಹುದೇ? ಉಪ್ಪು ಪ್ರತಿ ಮನೆಯಲ್ಲೂ ಇದೆ, ಬೆಲ್ಲವೂ ಬಡವರ ಕೈಗೆ ಎಟುಕುತ್ತದೆ. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಬಂಗಾಳಿಯಲ್ಲಿ ಇದು ‘ಲೋಬೋನ್-ಗುಡ್’, ಎಂದರೆ ಉಪ್ಪು-ಬೆಲ್ಲ. 1979ರಲ್ಲಿ ಸುಲ್ಲಾದಲ್ಲಿ ಪ್ರಯೋಗ ನಡೆಯಿತು. 1980ರಿಂದ ಹತ್ತು ವರ್ಷ ಮಹಿಳಾ ಕಾರ್ಯಕರ್ತರ ತಂಡಗಳು ಊರಿಂದ ಊರಿಗೆ ನಡೆದು, ಸುಮಾರು 1 ಕೋಟಿ 20 ಲಕ್ಷ ಮನೆಗಳಲ್ಲಿ ತಾಯಂದಿರ ಎದುರಿಗೇ ಕೂತು ಇದನ್ನು ಕಲಿಸಿದವು. ಪ್ರತಿ ತಾಯಿಯೂ ತನ್ನ ಕೈಯಾರೆ ಒಮ್ಮೆ ಮಾಡಿ ತೋರಿಸಬೇಕಿತ್ತು.

ಇಲ್ಲಿ ಗಮನಿಸಬೇಕಾದ ಒಂದು ವ್ಯವಸ್ಥೆ ಇದೆ. ಕಾರ್ಯಕರ್ತೆ ಎಷ್ಟು ಮನೆಗೆ ಹೋದಳು ಎಂಬುದರ ಮೇಲೆ ಅವಳ ಸಂಬಳ ನಿಂತಿರಲಿಲ್ಲ. ಕೆಲವು ವಾರಗಳ ನಂತರ ಬೇರೆಯವರು ಬಂದು ಹತ್ತರಲ್ಲೊಂದು ಮನೆ ಆರಿಸಿ, ಆ ತಾಯಿಗೆ ಎಷ್ಟು ನೆನಪಿದೆ, ಅವಳು ಮಾಡಿದ ದ್ರಾವಣ ಸರಿಯಿದೆಯೇ ಎಂದು ಪರೀಕ್ಷಿಸುತ್ತಿದ್ದರು. ತಾಯಿ ಚೆನ್ನಾಗಿ ಕಲಿತಿದ್ದರೆ ಕಲಿಸಿದವಳಿಗೆ ಹೆಚ್ಚು ಹಣ. ಹೀಗಿದ್ದೂ ಮೊದಲಲ್ಲಿ ತಾಯಂದಿರು ಕಲಿತರೇ ಹೊರತು ಮಗುವಿಗೆ ಭೇದಿಯಾದಾಗ ಬಳಸಿದವರು ಕಡಿಮೆ. ವಿಚಾರಿಸಿದಾಗ ಎರಡು ಕಾರಣಗಳು ಹೊರಬಿದ್ದವು. ಕಾರ್ಯಕರ್ತರಿಗೇ ತಾವು ಕಲಿಸುತ್ತಿದ್ದುದರ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ. ತಮ್ಮ ಮನೆಯಲ್ಲಿ ಭೇದಿಯಾದರೆ ಅವರೂ ಮಾತ್ರೆ ನುಂಗುತ್ತಿದ್ದರು. ಎರಡನೆಯದು, ಮನೆಯ ಗಂಡಸರಿಗೆ ಯಾರೂ ಏನನ್ನೂ ಹೇಳಿರಲಿಲ್ಲ. ಆಮೇಲೆ ಕಾರ್ಯಕರ್ತರಿಗೆ ಮತ್ತೆ ತರಬೇತಿ ಕೊಟ್ಟು, ಸಂತೆಯಲ್ಲಿ, ಮಸೀದಿಯ ಬಳಿ, ಚಹಾದಂಗಡಿಯಲ್ಲಿ ಗಂಡಸರ ಜೊತೆಯೂ ಮಾತಾಡಿಸಿದರು. 1988ರ ಮಹಾಪೂರದಲ್ಲಿ ದೇಶದ ನೂರಕ್ಕೆ ಅರವತ್ತರಷ್ಟು ಭಾಗ ಮುಳುಗಿತು. 1998ರಲ್ಲಿ ಮೂರನೇ ಎರಡು ಭಾಗ ಮುಳುಗಿ, ನೀರು ಎರಡು ತಿಂಗಳಿಗೂ ಹೆಚ್ಚು ಕಾಲ ನಿಂತಿತು. ಆ ಹೊತ್ತಿಗೆ ಉಪ್ಪು-ಬೆಲ್ಲದ ಅಳತೆ ಅಜ್ಜಿಯಿಂದ ಮೊಮ್ಮಗಳಿಗೆ ದಾಟುವ ಮನೆಮದ್ದಾಗಿತ್ತು. ವಿಪತ್ತು ಯೋಜನೆ ಎಂದು ಅದನ್ನು ಯಾರೂ ಕರೆಯಲಿಲ್ಲ. ಆದರೆ ನೆರೆ ಬರುವ ವರ್ಷಗಳ ಮೊದಲೇ ಮನೆ ಮನೆಗೆ ತಲುಪಿದ್ದ ಅದಕ್ಕಿಂತ ಒಳ್ಳೆಯ ಯೋಜನೆ ಬೇರೊಂದಿಲ್ಲ.

ಈ ನಡುವೆ 1991 ಬಂತು. ಏಪ್ರಿಲ್ 29ರ ರಾತ್ರಿ ಚಿತ್ತಗಾಂಗ್ ಕರಾವಳಿ, ಸಂದ್ವೀಪ, ಕುತುಬ್‌ದಿಯಾಗಳ ಮೇಲೆ ಎರಗಿದ ಚಂಡಮಾರುತಕ್ಕೆ ಸುಮಾರು 1,38,000 ಜನ ಬಲಿಯಾದರು. ಈ ಸಲ ಎಚ್ಚರಿಕೆ ಇತ್ತು, ಬಾವುಟ ಏರಿತ್ತು, ಮೆಗಾಫೋನ್ ಹಿಡಿದವರು ಊರೂರು ಸುತ್ತಿದ್ದರು. ಕೊರತೆಯಾದದ್ದು ಹೋಗಿ ನಿಲ್ಲುವ ಜಾಗ. ಇಡೀ ಕರಾವಳಿಗೆ ಇದ್ದ ಆಶ್ರಯ ಕಟ್ಟಡಗಳು ಕೆಲವು ನೂರು ಮಾತ್ರ. ಚಂಡಮಾರುತದ ಬಳಿಕ 45 ವಸತಿಗಳ 1,123 ಜನರ ಬಗ್ಗೆ ನಡೆದ ಒಂದು ಸಮೀಕ್ಷೆ ಇದನ್ನು ಎರಡೇ ಸಾಲಿನಲ್ಲಿ ಹೇಳಿತು: ಇಟ್ಟಿಗೆ ಅಥವಾ ಕಾಂಕ್ರೀಟಿನ ಕಟ್ಟಡ ತಲುಪಿದವರಲ್ಲಿ ಒಬ್ಬರೂ ಸಾಯಲಿಲ್ಲ; ತಲುಪದವರಲ್ಲಿ ನೂರಕ್ಕೆ 22 ಜನ ಸತ್ತರು. ಹತ್ತು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 26, ನಲವತ್ತು ದಾಟಿದ ಹೆಂಗಸರಲ್ಲಿ ನೂರಕ್ಕೆ 31. ಇಪ್ಪತ್ತೊಂದು ವರ್ಷಗಳ ನಂತರವೂ ಸಾವು ಮೊದಲು ಹುಡುಕಿಕೊಂಡು ಹೋದದ್ದು ಮಕ್ಕಳನ್ನೇ.

ಹೆಂಗಸರ ಸಾವಿಗೂ ಮಕ್ಕಳ ಸಾವಿಗೂ ನೇರ ಸಂಬಂಧವಿದೆ. ಮಗು ತಾಯಿಯ ಕಂಕುಳಲ್ಲಿರುತ್ತದೆ. ಗಂಡ ಊರಲ್ಲಿಲ್ಲದಾಗ ಮನೆ ಬಿಟ್ಟು ಹೋಗಲು ಹೆಂಗಸರು ಹಿಂದೆಗೆದರು. ಗಂಡಸರು ಕಿಕ್ಕಿರಿದ ಕಟ್ಟಡದಲ್ಲಿ ಮರೆಯಿಲ್ಲ, ಶೌಚಾಲಯವಿಲ್ಲ. ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡು ಈಜುವುದು ಸಾಧ್ಯವಿಲ್ಲ. ಮನೆಯಂಗಳದವರೆಗೆ ಬಂದು ಕೂಗುವ ಸ್ವಯಂಸೇವಕನೂ ಗಂಡಸೇ. ಒಳಮನೆಯ ಹೆಂಗಸಿಗೆ ಅವನ ಮಾತು ತಲುಪಿದ್ದೆಷ್ಟು, ತಲುಪಿದರೂ ಅವನ ಜೊತೆ ರಾತ್ರಿ ಹೊರಡುವ ಧೈರ್ಯವೆಷ್ಟು? ಈ ಪ್ರಶ್ನೆಗಳನ್ನು ಕೇಳಿಕೊಂಡ ಮೇಲೆ ಘಟಕಗಳಿಗೆ ಹೆಂಗಸರನ್ನು ಸೇರಿಸತೊಡಗಿದರು. ಮೊದಲು ಹದಿನೈದರಲ್ಲಿ ಐವರು, ಈಗ ಇಪ್ಪತ್ತರಲ್ಲಿ ಹತ್ತು ಮಂದಿ. ಇಂದು ಎಪ್ಪತ್ತು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರಿದ್ದಾರೆ, ಅವರಲ್ಲಿ ಅರ್ಧದಷ್ಟು ಹೆಂಗಸರು.

ಕಟ್ಟಡದ ಪ್ರಶ್ನೆಗೆ ಉತ್ತರ ಬಂದದ್ದು ಶಾಲೆಯ ರೂಪದಲ್ಲಿ. ಎಂಜಿನಿಯರ್ ಜಮೀಲುರ್ ರೆಜಾ ಚೌಧುರಿ ಅವರ ಮುಂದಾಳತ್ವದ ತಂಡ 1991ರ ನಂತರ ಬಹೂಪಯೋಗಿ ಆಶ್ರಯತಾಣಗಳ ಯೋಜನೆ ರೂಪಿಸಿತು. ಹಿಂದೆ ಕಟ್ಟಿದ್ದ ಕೆಲವು ಆಶ್ರಯ ಕಟ್ಟಡಗಳು ವರ್ಷವಿಡೀ ಬೀಗ ಹಾಕಿಕೊಂಡು, ಬೇಕಾದ ಹೊತ್ತಿಗೆ ಹಾಳುಬಿದ್ದಿರುತ್ತಿದ್ದವು. ದಿನವೂ ಬಳಕೆಯಲ್ಲಿರುವ ಕಟ್ಟಡಕ್ಕೆ ಮಾತ್ರ ಯಾರಾದರೂ ಸುಣ್ಣ ಬಳಿಯುತ್ತಾರೆ, ಕಿಟಕಿ ಸರಿಪಡಿಸುತ್ತಾರೆ, ಕೀಲಿಕೈ ಎಲ್ಲಿದೆ ಎಂದು ನೆನಪಿಟ್ಟಿರುತ್ತಾರೆ. ಆದ್ದರಿಂದ ಪ್ರಾಥಮಿಕ ಶಾಲೆಗಳನ್ನೇ ಎತ್ತರದ ಕಾಂಕ್ರೀಟ್ ಕಂಬಗಳ ಮೇಲೆ ಕಟ್ಟುವುದು. ಕೆಳಗೆ ನೀರು ಹಾದುಹೋಗಲು ಜಾಗ, ಮೇಲೆ ತರಗತಿಗಳು. ಮಕ್ಕಳು ದಿನವೂ ನಡೆದು ಬರುವ ದಾರಿಯೇ ಆಪತ್ತಿನ ದಿನ ಓಡಿ ಬರುವ ದಾರಿ. ಶಾಲೆಯ ದಾರಿ ಮಗುವಿಗೆ ಗೊತ್ತು ಎಂಬ ಸಣ್ಣ ಸಂಗತಿಯನ್ನು ಒಂದು ದೇಶ ತನ್ನ ಯೋಜನೆಯೊಳಗೆ ತಂದುಕೊಂಡಿತು.

ಶಾಲೆಯೇ ಆಸರೆಯಾಗುವುದು ನಮಗೂ ಪರಿಚಿತ. 2019ರ ಆಗಸ್ಟಿನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ತೀರದ ಊರುಗಳು ಮುಳುಗಿದಾಗ ಎಷ್ಟೋ ಕಡೆ ಸರ್ಕಾರಿ ಶಾಲೆಗಳಲ್ಲೇ ಕಾಳಜಿ ಕೇಂದ್ರಗಳು ತೆರೆದವು. ವ್ಯತ್ಯಾಸವಿರುವುದು ಯಾವಾಗ ನಿರ್ಧಾರವಾಯಿತು ಎಂಬುದರಲ್ಲಿ. ನೀರು ಬಂದ ದಿನ ಆರಿಸಿದ ಶಾಲೆ ಬೇರೆ, ನೀರು ಬರುತ್ತದೆಂದೇ ಕಂಬದ ಮೇಲೆ ಕಟ್ಟಿದ ಶಾಲೆ ಬೇರೆ. ಇನ್ನೊಂದು ತೊಡಕೂ ಇದೆ. ಮನೆ ಕಳೆದುಕೊಂಡವರು ಶಾಲೆಯಲ್ಲಿ ಉಳಿದಷ್ಟು ದಿನ ಮಕ್ಕಳಿಗೆ ಪಾಠವಿಲ್ಲ. ದೊಡ್ಡವರಿಗೆ ಸೂರು ಕೊಟ್ಟ ಕಟ್ಟಡವೇ ಮಕ್ಕಳ ತರಗತಿಯನ್ನು ಕಸಿದುಕೊಂಡಿರುತ್ತದೆ.

ಬಾಂಗ್ಲಾದೇಶದ ಉತ್ತರ ಭಾಗದ ಚಲನ್ ಬೀಲ್ ಸೀಮೆಯಲ್ಲಿ ಈ ತೊಡಕು ಪ್ರತಿ ಮಳೆಗಾಲದ್ದು. ಬೀಲ್ ಎಂದರೆ ತಗ್ಗಿನ ಜೌಗು ನೆಲ; ಮಳೆಗಾಲದಲ್ಲಿ ಅದು ಸರೋವರವಾಗುತ್ತದೆ, ಶಾಲೆಗಳು ತಿಂಗಳುಗಟ್ಟಲೆ ಮುಚ್ಚುತ್ತವೆ. ಅಲ್ಲಿಯೇ ಬೆಳೆದ ವಾಸ್ತುಶಿಲ್ಪಿ ಮೊಹಮ್ಮದ್ ರೆಜ್ವಾನ್ ‘ಶಿಧುಲಾಯಿ ಸ್ವನಿರ್ಭರ ಸಂಸ್ಥಾ’ ಕಟ್ಟಿ 2002ರಲ್ಲಿ ಮೊದಲ ದೋಣಿಶಾಲೆ ತೇಲಿಬಿಟ್ಟರು. ಮಕ್ಕಳು ಶಾಲೆಗೆ ಬರಲಾಗದಿದ್ದರೆ ಶಾಲೆಯೇ ಘಟ್ಟದಿಂದ ಘಟ್ಟಕ್ಕೆ ಹೋಗಿ ಅವರನ್ನು ಹತ್ತಿಸಿಕೊಳ್ಳುತ್ತದೆ. ಆಮೇಲೆ ಒಂದು ಕಡೆ ನಿಂತು ಪಾಠ ನಡೆಸುತ್ತದೆ, ಮತ್ತೆ ಅವರವರ ಘಟ್ಟದಲ್ಲಿ ಇಳಿಸುತ್ತದೆ. ಊರ ಬಡಗಿಗಳು ಕಟ್ಟುವ ಸಾಂಪ್ರದಾಯಿಕ ದೋಣಿಯನ್ನೇ ತಿದ್ದಿ ಮಾಡಿದ್ದು. ಮಾಡಿನ ಮೇಲೆ ಸೌರಫಲಕ. ಆನಂತರ ಗ್ರಂಥಾಲಯದ ದೋಣಿಗಳೂ ಬಂದವು.

ನೆರೆಯ ಜೊತೆಗೆ ಇನ್ನೊಂದು ಸಾವನ್ನೂ ಇಲ್ಲಿ ಹೇಳಬೇಕು. 2005ರ ಸುಮಾರಿಗೆ ಬಾಂಗ್ಲಾದೇಶದಲ್ಲಿ ನಡೆದ ದೊಡ್ಡ ಸಮೀಕ್ಷೆಯೊಂದು ವರ್ಷಕ್ಕೆ ಸುಮಾರು 17 ಸಾವಿರ ಮಕ್ಕಳು ನೀರಲ್ಲಿ ಮುಳುಗಿ ಸಾಯುತ್ತಿದ್ದಾರೆ ಎಂದು ತೋರಿಸಿತು. ಅದರಲ್ಲಿ ಹೆಚ್ಚಿನವರು ಚಂಡಮಾರುತದಲ್ಲೋ ಮಹಾಪೂರದಲ್ಲೋ ಸತ್ತವರಲ್ಲ. ಮನೆಯಿಂದ ಹತ್ತಿಪ್ಪತ್ತು ಹೆಜ್ಜೆಯ ಕೊಳದಲ್ಲಿ, ಹಳ್ಳದಲ್ಲಿ, ಹಗಲು ಹೊತ್ತಿನಲ್ಲಿ, ತಾಯಿ ಅಡಿಗೆ ಕೆಲಸದಲ್ಲಿದ್ದಾಗ. ಪತ್ರಿಕೆಯಲ್ಲಿ ಸುದ್ದಿಯಾಗದ ಈ ನಿತ್ಯದ ನೆರೆಗೆ ಹಳ್ಳಿಗಳು ಕಂಡುಕೊಂಡ ಉಪಾಯ ‘ಆಂಚಲ್’. ಬಂಗಾಳಿಯಲ್ಲಿ ಸೆರಗು ಎಂದರ್ಥ. ನಮ್ಮ ಅಂಗನವಾಡಿಯಂತೆಯೇ, ಊರಿನ ಒಬ್ಬ ಹೆಂಗಸಿನ ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳನ್ನು ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ನೋಡಿಕೊಳ್ಳುವ ವ್ಯವಸ್ಥೆ. ಮಕ್ಕಳು ಹೆಚ್ಚಾಗಿ ಮುಳುಗುವುದು ಅದೇ ಹೊತ್ತಿನಲ್ಲಿ. ಇದರ ಜೊತೆ ಸ್ವಲ್ಪ ದೊಡ್ಡ ಮಕ್ಕಳಿಗೆ ಊರ ಕೊಳದಲ್ಲಿ ಬಿದಿರಿನ ಕಟ್ಟೆ ಕಟ್ಟಿ ಈಜು ಕಲಿಸುವುದು. ಆಂಚಲ್‌ಗೆ ಹೋಗುವ ಮಕ್ಕಳಲ್ಲಿ ಮುಳುಗಿ ಸಾಯುವವರ ಸಂಖ್ಯೆ ಬಹಳ ಇಳಿದದ್ದು ದಾಖಲಾಗಿದೆ.

ಇಷ್ಟೆಲ್ಲದರ ಫಲ ಅಂಕಿಗಳಲ್ಲಿ ಕಾಣುತ್ತದೆ. 2007ರ ನವೆಂಬರ್ 15ರಂದು ಬಂದ ‘ಸಿದ್ರ್’ ಬಹಳ ಪ್ರಬಲವಾದ ಚಂಡಮಾರುತ. ಸತ್ತವರು ಸುಮಾರು 3,400. 2020ರ ಮೇ ತಿಂಗಳಲ್ಲಿ ಕೋವಿಡ್ ನಡುವೆಯೇ ‘ಆಂಫಾನ್’ ಬಂದಾಗ 20 ಲಕ್ಷಕ್ಕೂ ಹೆಚ್ಚು ಜನರನ್ನು ಆಶ್ರಯತಾಣಗಳಿಗೆ ಸಾಗಿಸಲಾಯಿತು. ಬಾಂಗ್ಲಾದೇಶದಲ್ಲಿ ಸತ್ತವರು ಮೂವತ್ತಕ್ಕೂ ಕಡಿಮೆ. ಲಕ್ಷಗಳಿಂದ ಸಾವಿರಕ್ಕೆ, ಸಾವಿರದಿಂದ ಹತ್ತಾರಕ್ಕೆ ಇಳಿಯಲು ಐವತ್ತು ವರ್ಷ ಹಿಡಿಯಿತು. ಬರೀ ರಾಡಾರಿನಿಂದ ಇದು ಆಗಲಿಲ್ಲ ಎಂದು 1970 ತೋರಿಸಿತು. ಬರೀ ಸ್ವಯಂಸೇವಕರಿಂದಲೂ ಆಗದು ಎಂದು 1991 ತೋರಿಸಿತು. ಊರವರು ಕದ ತಟ್ಟಬೇಕು, ಸರ್ಕಾರ ಕಟ್ಟಡ ಕಟ್ಟಬೇಕು.

ಹೀಗೆಂದು ಈ ಕಥೆಯನ್ನು ಗೆಲುವಿನ ಕಥೆಯಾಗಿ ಮುಗಿಸಿಬಿಡುವಂತಿಲ್ಲ. ಸಿದ್ರ್ ಬರುವ ಎರಡು ತಿಂಗಳ ಹಿಂದೆ ಸುನಾಮಿ ಎಚ್ಚರಿಕೆಯೊಂದು ಬಂದು ಏನೂ ಆಗದೆ ಹೋಗಿತ್ತು. ಅದನ್ನು ನೆನೆದು ಕೆಲವರು ಈ ಸಲ ಮನೆ ಬಿಡಲಿಲ್ಲ. 1970ರ ಅಕ್ಟೋಬರಿನ ಕಥೆಯೇ ಮತ್ತೆ ನಡೆಯಿತು. ನಂಬಿಕೆ ಒಮ್ಮೆ ಗಳಿಸಿ ಇಟ್ಟುಕೊಳ್ಳುವ ಆಸ್ತಿಯಲ್ಲ, ಪ್ರತಿ ಸಲವೂ ಗಳಿಸಬೇಕು. 2009ರ ಮೇ ತಿಂಗಳ ‘ಐಲಾ’ ಇನ್ನೊಂದು ಸತ್ಯ ಹೇಳಿತು. ಅದರಲ್ಲಿ ಸತ್ತವರು ಕೆಲವು ನೂರು ಜನ. ಆದರೆ ಖುಲ್ನಾ, ಸಾತಖೀರಾ ಜಿಲ್ಲೆಗಳಲ್ಲಿ ಕಡಲನ್ನು ತಡೆದಿದ್ದ ಮಣ್ಣಿನ ಏರಿಗಳು ಒಡೆದು ಉಪ್ಪುನೀರು ಹೊಲಗಳಿಗೆ ನುಗ್ಗಿತು. ಕೆಲವೆಡೆ ಏರಿಗಳನ್ನು ಮತ್ತೆ ಕಟ್ಟಲು ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಷ್ಟು ಕಾಲ ಸಂಸಾರಗಳು ಉಳಿದ ಏರಿಯ ಮೇಲೆಯೇ ತಗಡು, ಪ್ಲಾಸ್ಟಿಕ್ ಹೊದಿಸಿ ಬದುಕಿದವು. ಬೇಸಾಯ ಇಲ್ಲದೆ ಅಪ್ಪಂದಿರು ಖುಲ್ನಾಕ್ಕೋ ಢಾಕಾಕ್ಕೋ ಕೂಲಿಗೆ ಹೋದರು. ಉಪ್ಪು-ಬೆಲ್ಲದ ಅಳತೆ ಗೊತ್ತಿದ್ದರೂ ಕದಡಲು ಸಿಹಿನೀರು ಮೈಲಿ ದೂರದಿಂದ ತರಬೇಕಿತ್ತು. ಆ ಮಕ್ಕಳು ಸಾವಿನ ಪಟ್ಟಿಯಲ್ಲಿಲ್ಲ. ಆದರೆ ಅವರ ಬಾಲ್ಯದ ಎರಡು ವರ್ಷ ಏರಿಯ ಮೇಲೆ ಕಳೆಯಿತು. ಅಂಥ ನಷ್ಟವನ್ನು ಎಣಿಸುವ ಪಟ್ಟಿ ಯಾವ ಇಲಾಖೆಯಲ್ಲೂ ಇಲ್ಲ.

ಸ್ವಯಂಸೇವಕರನ್ನು ಹೊಗಳುವಾಗ ನುಸುಳುವ ಒಂದು ಅಪಾಯವೂ ಇದೆ. ಸಂಬಳವಿಲ್ಲದೆ ದುಡಿಯುವ ಊರವರು ಇದ್ದಾರೆ ಎಂಬುದೇ ಸರ್ಕಾರಕ್ಕೆ ಏರಿ ದುರಸ್ತಿ ಮಾಡದಿರಲು ನೆಪವಾಗಬಾರದು. ಮೆಗಾಫೋನ್ ಹಿಡಿದು ಗಾಳಿಮಳೆಯಲ್ಲಿ ಓಡುವವನ ಹುಲ್ಲಿನ ಮನೆಯೂ ಅದೇ ಚರ್‌ನಲ್ಲಿದೆ, ಅವನ ಮಕ್ಕಳೂ ಅಲ್ಲೇ ಇದ್ದಾರೆ. ಬಡವರೇ ಅತಿ ತಗ್ಗಿನ ನೆಲದಲ್ಲಿ ಏಕೆ ಇರುತ್ತಾರೆ ಎಂಬ ಪ್ರಶ್ನೆಗೆ ಬಾವುಟಗಳಲ್ಲಿ ಉತ್ತರವಿಲ್ಲ. ಅದಕ್ಕೆ ಉತ್ತರ ಜಮೀನಿನ ಹಂಚಿಕೆಯಲ್ಲಿದೆ.

ಆದರೂ ಈ ಇತಿಹಾಸದಿಂದ ಎತ್ತಿಕೊಳ್ಳಬಹುದಾದ ಪ್ರಶ್ನೆಗಳಿವೆ. ನದಿ ತೀರದ ನಮ್ಮ ಯಾವ ಗ್ರಾಮ ಪಂಚಾಯಿತಿಯೂ ಮಳೆಗಾಲಕ್ಕೆ ಮುಂಚೆ ಅವನ್ನು ಕೇಳಿಕೊಳ್ಳಬಹುದು. ಯಾವ ಯಾವ ಮನೆಯಲ್ಲಿ ಹತ್ತು ವರ್ಷದೊಳಗಿನ ಮಕ್ಕಳಿದ್ದಾರೆ? ರಾತ್ರಿ ಎರಡು ಗಂಟೆಗೆ ಆ ಕದ ತಟ್ಟುವವರು ಯಾರು, ಅವರಲ್ಲಿ ಹೆಂಗಸರೆಷ್ಟು? ಶಾಲೆಯ ಕೀಲಿಕೈ ಯಾರ ಬಳಿ ಇದೆ? ಆ ಶಾಲೆಯಲ್ಲಿ ಜನ ತುಂಬಿದರೆ ಪಾಠ ಎಲ್ಲಿ ನಡೆಯುತ್ತದೆ? ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಸ್ತ್ರೀಶಕ್ತಿ ಸಂಘದವರು ಸೇರಿದರೆ ಒಂದು ಸಂಜೆಯಲ್ಲಿ ಇದರ ಪಟ್ಟಿ ಆಗುತ್ತದೆ. ಮನೆ ಮನೆಯ ಮಾಹಿತಿ ಅವರ ಬಳಿ ಈಗಾಗಲೇ ಇದೆ.

ಸೋಮರ್ ಮತ್ತು ಮೋಸ್ಲಿ 1970ರ ಆ ಕೆಸರಿನಲ್ಲಿ ನಡೆದು ಮಾಡಿದ ಕೆಲಸ ಇಷ್ಟೇ: ಸತ್ತವರೆಷ್ಟು ಎಂದು ಕೇಳಿ ಅಲ್ಲಿಗೇ ನಿಲ್ಲದೆ, ಅವರ ವಯಸ್ಸೆಷ್ಟು ಎಂದೂ ಕೇಳಿದರು. ನೆರೆಯ ಸುದ್ದಿ ಓದುವಾಗ ನಾವೂ ಅದೇ ಪ್ರಶ್ನೆ ಕೇಳಬೇಕು. ಊರು ಎಷ್ಟು ಸಿದ್ಧವಾಗಿತ್ತು ಎಂಬುದು ಆ ಉತ್ತರದಲ್ಲಿ ಗೊತ್ತಾಗುತ್ತದೆ.